ಬಿಡದ ಪೆಡಲು

ಗೆಟ್ಟವಾಡಿ ರಸ್ತೆಯಲ್ಲಿ ಹಸುವೊಂದು ಅಡ್ಡ ಬಂದಾಗ ಸುಧಾಮಣಿ ಬ್ರೇಕ್ ಹಿಡಿದಳು. ಸೈಕಲ್ ನಿಂತಿತು, ಆದರೆ ರೇಸ್ ಪೆಡಲಿನ ಕೊಂಡಿಗೆ ಕಚ್ಚಿಕೊಂಡಿದ್ದ ಶೂ ಬಿಡಲಿಲ್ಲ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಟಕ್ಕೆಂದು ಕಳಚಬೇಕಾದದ್ದು, ಎಷ್ಟು ತಿರುಚಿದರೂ ಕಳಚಲಿಲ್ಲ. ನಿಂತ ಸೈಕಲ್ಲಿನ ಜೊತೆಗೇ ಅವಳು ಪಕ್ಕಕ್ಕೆ ಉರುಳಿದಳು. ಹೆಗಲ ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ರಾಜ್ಯ ಸೈಕ್ಲಿಂಗ್ ತಂಡದ ಆಯ್ಕೆಗೆ ಇನ್ನು ಎರಡೇ ದಿನವಿತ್ತು.

ಹೊಲದಿಂದ ಓಡಿಬಂದ ಅಪ್ಪ ಬೀರಯ್ಯ ಶೂವಿನ ಪಟ್ಟಿ ಬಿಚ್ಚಿ ಅವಳ ಕಾಲನ್ನು ಹೊರಗೆಳೆದ. ಶೂ ಪೆಡಲಿನಲ್ಲೇ ಉಳಿಯಿತು. ಪೆಡಲಿನ ಸ್ಪ್ರಿಂಗಿನ ಸುತ್ತ ಕೆಮ್ಮಣ್ಣು ಎಣ್ಣೆಯಲ್ಲಿ ಬೆರೆತು ಗಟ್ಟಿಯಾಗಿ ಕೂತಿತ್ತು.

"ಒಸ ಪೆಡಲು ಬಿಗಿ ಅಂತಿದ್ಯಲ್ಲವ್ವ, ಗಾಡಿ ಅಚ್ಚಿಗೆ ಬುಡೋ ಅರಳೆಣ್ಣೆನ ನೆನ್ನೆ ನಾನೇ ಬುಟ್ಟಿದ್ದೆ. ಆದ್ರೂ ಯಾಕವ್ವ ಬುಡ್ನಿಲ್ಲ?"

ಆ ಪೆಡಲಿಗೆ ಮಣ್ಣು ಅಂಟದ ತೆಳು ಎಣ್ಣೆ ಒಂದೇ ಹನಿ ಹಾಕಿ ಒರೆಸಿಬಿಡಬೇಕಿತ್ತು. ಸುಧಾಮಣಿ ಅಪ್ಪನ ಮುಖ ನೋಡಿದಳು.

"ಕಾಲು ತಿರುಗ್ಸೋದ್ನ ನಾನೇ ಮರ್ತ್‌ಬುಟ್ಟೆ ಕಣಪ್ಪ."

"ಓಗ್ಲಿ ಬುಡವ್ವ, ಬರೋ ವರ್ಸ ಓಗೀಯಂತೆ."

ಬರುವ ವರ್ಷಕ್ಕೆ ಅವಳಿಗೆ ಆಯ್ಕೆಯ ವಯಸ್ಸು ದಾಟಿರುತ್ತದೆ. ಅದನ್ನೂ ಅವಳು ಹೇಳಲಿಲ್ಲ. "ಊಂ" ಎಂದಳು.