ಮುದಕವ್ವನ ಚೀಟಿ

“ನನ್ನ ಚೀಟಿ ಯಾವುದವ್ವಾ?” ಎಂದು ಮುದಕವ್ವ ಕೇಳಿದಾಗ ಸಂಧ್ಯಾಳ ಕೈ ಚೀಟಿಗಳ ಹಲಗೆಯ ಮೇಲೆಯೇ ನಿಂತಿತು. ಬನಹಟ್ಟಿಯ ಆ ಮಗ್ಗದ ಮನೆಯಲ್ಲಿ ನೂರು ಸೀರೆಗಳ ಕೆಲಸ ಅಂದು ಮುಗಿದಿತ್ತು. ಸಂಜೆ ತರಗತಿಯಲ್ಲಿ ಕಲಿತಂತೆ ಸಂಧ್ಯಾ ದೊಡ್ಡ ಕೆಲಸವನ್ನು ಭಾಗಗಳಾಗಿ, ಭಾಗಗಳನ್ನು ಸಣ್ಣ ಕೆಲಸಗಳಾಗಿ ಒಡೆದು, ಒಂದೊಂದಕ್ಕೂ ಮಾಡುವವರ ಹೆಸರಿನ ಚೀಟಿಯನ್ನು ಆ ಹಲಗೆಗೆ ಅಂಟಿಸಿದ್ದಳು. ಈಗ ಎಲ್ಲರೂ ಕೆಲಸ ಮುಗಿದ ಗುರುತಿಗೆ ತಮ್ಮ ಚೀಟಿ ಕಿತ್ತು ದೇವರ ಪಟಕ್ಕೆ ಸಿಕ್ಕಿಸುತ್ತಿದ್ದರು.

ಮಗ್ಗದಲ್ಲಿ ಉದ್ದಕ್ಕೆ ಹಾಯುವ ಹಳೆಯ ಹಾಸಿನ ಎರಡು ಸಾವಿರ ಎಳೆಗಳಿಗೆ ಹೊಸ ಎಳೆ ಗಂಟು ಹಾಕಿದವಳು ಮುದಕವ್ವ. ಆ ಕೆಲಸವನ್ನು ಸಂಧ್ಯಾ ನೇಕಾರ ಅಜಯನ ‘ಹಾಸು ಏರಿಸುವುದು’ ಚೀಟಿಯೊಳಗೇ ಸೇರಿಸಿಬಿಟ್ಟಿದ್ದಳು.

“ತಪ್ಪಾತು ಬೇ ಯವ್ವಾ, ಈಗ ಬರೀತೇನಿ,” ಎಂದು ಅವಸರದಲ್ಲಿ ಹೊಸ ಚೀಟಿ ಬರೆದಳು.

“ಬ್ಯಾಡ ಬಿಡ,” ಮುದಕವ್ವ ನಕ್ಕು, ನೂಲು ಕೊಯ್ದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. “ಸೀರ್ಯಾಗ ಗಂಟು ಕಾಣಬಾರದಂತ ನಿನಗ ಕಲಿಸಿದಾಕಿ ನಾನ ಅಲ್ಲೇನ?”

ಬರೆದ ಚೀಟಿ ಸಂಧ್ಯಾಳ ಬೆರಳಿಗೇ ಅಂಟಿಕೊಂಡಿತು.