ಕರ್ಪೂರದ ಆಣೆ

“ಜಂಬುನಾಥನ ಗುಡಿಯಾಗ ಕರ್ಪೂರ ಆರಿಸಿ, ತನ್ನ ಉಬ್ಬಸ ನನ್ನ ಬೆಂಕಿಯ ಹೊಗಿಯಿಂದಲೇ ಬಂತು ಅಂತ ಈ ಭೀಮಮ್ಮ ಆಣಿ ಮಾಡ್ಲಿ. ಕೇಳಿದಷ್ಟು ಪರಿಹಾರ ಕೊಡ್ತೀನಿ,” ಅಂದುಬಿಟ್ಟ ತೋಟಪ್ಪ, ಹೊಸಪೇಟೆ ಕೋರ್ಟಿನ ಮುನಸೀಫರ ಮುಂದೆ. ನಾಳೆ ಹೊತ್ತು ಮುಳುಗುವುದರೊಳಗೆ ಆಣೆ ಆಗಬೇಕು ಅಂತ ಮುನಸೀಫರು ಬರೆಸಿದರು. ಭೀಮಮ್ಮನ ವಕೀಲ ತಲೆ ಮೇಲೆ ಕೈ ಹೊತ್ತ. ಆ ಗುಡಿ ಇರುವುದು ಗುಡ್ಡದ ಮೇಲೆ.

ತೋಟಪ್ಪ ಸೊಂಡೂರು ಗುಡ್ಡದ ಹುಲ್ಲಿನ ಗುತ್ತಿಗೆದಾರ. ಹೊಸ ಹುಲ್ಲು ಜಲ್ದಿ ಚಿಗುರಲಿ ಅಂತ ಅವನು ಇಟ್ಟ ಬೆಂಕಿ ಕಾಡಿಗೆ ಹಬ್ಬಿ ಎಂಟು ದಿನ ಉರಿಯಿತು. ಹೊಗೆ ಕೆಳಗಿನ ಗುಡಿಸಲುಗಳ ಮೇಲೆ ಕವುಚಿ ಕೂತಿತು. ಅವತ್ತಿನಿಂದ ಭೀಮಮ್ಮನ ಎದೆಯಲ್ಲಿ ಸಿಳ್ಳೆ. ಹುಲ್ಲಿನ ಹೊರೆ ಹೊತ್ತು ಮಾರಿದವಳು ಈಗ ತುಂಬಿದ ಕೊಡ ಎತ್ತಲಾರಳು. ಪರಿಹಾರ ಸಿಕ್ಕರೆ ಒಂದು ಎಮ್ಮೆ ಕಟ್ಟಿಯಾಳು. ಇಲ್ಲದಿದ್ದರೆ ಕಂಡವರ ಬಾಗಿಲೇ ಗತಿ.

“ಗುಡ್ಡ ಹತ್ತೂದು ನಿನ್ನ ಕೈಲಿ ಆಗೂದಲ್ಲವ್ವ. ಸುಮ್ನ ಮನೀಗೆ ಹೋಗು,” ಮರುದಿನ ಗುಡಿಯ ಮೆಟ್ಟಿಲ ಬುಡದಲ್ಲಿ ತೋಟಪ್ಪ ನಕ್ಕ.

“ಜಂಬುನಾಥ ಎಲ್ಲಿಗೆ ಓಡಿ ಹೋಗ್ತಾನ್ರಿ ಸಾವ್ಕಾರ್ರ? ನಿಧಾನಕ ಬರ್ತೀನಿ.”

ಎರಡು ಮೆಟ್ಟಿಲು ಹತ್ತುವಳು, ಕೂರುವಳು. ಕೋರ್ಟಿನ ಗುಮಾಸ್ತ ಹಂಪಯ್ಯ ಆಣೆ ಬರೆದುಕೊಳ್ಳುವ ಕಾಗದ ಹಿಡಿದು ಅವಳ ಜೊತೆಗೇ ಕೂರುವನು, ಏಳುವನು. ಬೆಳಗ್ಗೆ ಬಿಟ್ಟವರು ಮೇಲೆ ಮುಟ್ಟಿದಾಗ ಬಿಸಿಲು ಇಳಿದಿತ್ತು.

ಪೂಜಾರಿ ಕಲ್ಲಿನ ಮೇಲೆ ಕರ್ಪೂರ ಹಚ್ಚಿದ. ಭೀಮಮ್ಮ ಬಾಯಿ ತೆರೆದಳು. ಸಿಳ್ಳೆ ಬಂತು, ಮಾತು ಬರಲಿಲ್ಲ. ಕರ್ಪೂರ ಉರಿದು ಮುಗಿಯಿತು.

“ಆಣಿ ಆಗ್ಲಿಲ್ಲ, ಬರ್ಕೋರಿ!” ಮೊದಲೇ ಹತ್ತಿ ಬಂದು ಕೂತಿದ್ದ ತೋಟಪ್ಪ ಕುಣಿದ.

“ಹೊತ್ತಿನ್ನೂ ಮುಳುಗಿಲ್ಲ. ಪೂಜಾರ್ರ, ಇನ್ನೊಂದು ಹಚ್ರಿ,” ಅಂದ ಹಂಪಯ್ಯ.

“ಎಷ್ಟಂತ ಹಚ್ಚಿಸ್ತೀಯೋ?”

“ಮುನಸೀಫರು ಹೊತ್ತು ಬರಸ್ಯಾರ, ಕರ್ಪೂರದ ಲೆಕ್ಕ ಬರಸಿಲ್ರಿ.”

ಎರಡನೆಯದೂ ಉರಿದುಹೋಯಿತು. ಮೂರನೆಯದು ಅರ್ಧಕ್ಕೆ ಬಂದಾಗ ಭೀಮಮ್ಮ ಕಂಬ ಹಿಡಿದು ನೆಟ್ಟಗಾದಳು. “ತೋಟಪ್ಪನ ಬೆಂಕಿ… ಹೊಗೀಲಿಂದನ… ಜಂಬುನಾಥನಾಣಿ,” ಎಂದವಳೇ ಉರಿಯನ್ನು ಹೆಬ್ಬೆರಳಿನಿಂದ ಒತ್ತಿ ಆರಿಸಿದಳು.

ತೋಟಪ್ಪ ಚಪ್ಪಲಿ ಹುಡುಕತೊಡಗಿದ. ಹಂಪಯ್ಯ ಬರೆದು ಮುಗಿಸಿ, ಹೆಬ್ಬೆಟ್ಟು ಹಾಕಿಸಲು ಶಾಯಿ ಡಬ್ಬಿಗೆ ಕೈ ಹಾಕಿದ. ಭೀಮಮ್ಮ ನಗುತ್ತಾ ಬೇಡವೆಂದು ತಲೆಯಾಡಿಸಿದಳು. ಕರ್ಪೂರದ ಮಸಿ ಹತ್ತಿದ್ದ ಬೆರಳನ್ನೇ ಕಾಗದಕ್ಕೆ ಒತ್ತಿದಳು. ಗೆರೆ ಗೆರೆ ಸ್ಪಷ್ಟವಾಗಿ ಮೂಡಿತು.