ಮಣೆಯ ಆಚೆಯವನು

ಧಾರವಾಡದ ಮ್ಯೂಸಿಯಮ್ಮಿನಲ್ಲಿದ್ದ ರೋಮನ್ ಆಟದ ಮಣೆಯ ಮೇಲೆ ಕಾಯಿ ನಡೆಸಿದರೆ, ಎರಡು ಸಾವಿರ ವರ್ಷದ ಹಿಂದೆ ಕೂತವನೊಬ್ಬ ಎದುರು ಕಾಯಿ ನಡೆಸುತ್ತಿದ್ದ. ಕಸ ಗುಡಿಸುವ ದ್ಯಾಮವ್ವ ದಿನಾ ಊಟವಾದ ಮೇಲೆ ಅವನ ಜೊತೆ ಒಂದಾಟ ಆಡುವಳು.

"ಗೆಲ್ಲೂ ಆಟಾನ ಕಡೀಕ ಬೇಕಂತನ ಸೋಲ್ತಾನ್ರೀ," ಎಂದು ಮ್ಯೂಸಿಯಮ್ ನೋಡಿಕೊಳ್ಳುವ ಮೇಡಮ್ಮಿಗೆ ದೂರು ಹೇಳಿದಳು.

"ಗುಲಾಮ ಇರಬೇಕ ಅಂವ, ದ್ಯಾಮವ್ವ. ಧಣಿ ಎದುರು ಗೆಲ್ಲೂ ಹಂಗಿಲ್ಲ."

"ನಾ ಯಾವೂರ ಧಣಿ?" ಸಿಟ್ಟಾದ ದ್ಯಾಮವ್ವ ಮಣೆಗೆ ಮರಳಿ, ಅವನು ಸೋಲಲು ನಡೆಸುವ ನಡೆಯನ್ನೇ ತಾನು ನಡೆಸಿ, ತನ್ನ ಕೊನೆಯ ಕಾಯಿಯನ್ನು ಅವನಿಗೆ ಒಡ್ಡಿದಳು.

ಬಹಳ ಹೊತ್ತು ಏನೂ ಅಲುಗಲಿಲ್ಲ. ಆಮೇಲೆ ಅವನ ಕಾಯಿ ಮೆಲ್ಲಗೆ ಬಂದು ಅವಳದನ್ನು ಹೊಡೆಯಿತು. ದ್ಯಾಮವ್ವ, ಧಣಿಯ ಎದುರು ನಿಂತವಳಂತೆ, ತಲೆಯ ಮೇಲೆ ಸೆರಗು ಹೊದ್ದಳು. ಗೆದ್ದ ಕಾಯಿ ನಿಂತಲ್ಲೇ ನಡುಗುತ್ತಿತ್ತು. ಅವನ ಬೆರಳು ಅದನ್ನಿನ್ನೂ ಬಿಟ್ಟಿರಲಿಲ್ಲ.